ಕಡವಿನ ದಡದ ತಂಗುಮನೆ: ಹಾಸ್ ಇನ್ ಒಂದು ಕಾದಂಬರಿಯೊಳಗೆ ಬಂದ ಬಗೆ

ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಿಂದ ಪಶ್ಚಿಮಕ್ಕೆ ಸುಮಾರು 15 ಕಿಲೋಮೀಟರ್ ಹೋದರೆ ಸೌತ್ ಕ್ವೀನ್ಸ್‌ಫೆರಿ ಎಂಬ ಊರು ಸಿಗುತ್ತದೆ. ಫೋರ್ತ್ ನದಿ ಕಡಲನ್ನು ಸೇರುವ ಅಗಲವಾದ ಅಳಿವೆಯ ದಕ್ಷಿಣ ದಡದಲ್ಲಿರುವ ಈ ಊರಿನಿಂದ ತುಸು ಪೂರ್ವಕ್ಕೆ, ಕಲ್ಲಿನ ದಕ್ಕೆಯೊಂದರ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ ಹಾಸ್ ಇನ್ ಎಂಬ ಹಳೆಯ ತಂಗುಮನೆಯಿದೆ. ಕಟ್ಟಡದ ಮೂಲಭಾಗ 17ನೆಯ ಶತಮಾನದ್ದು. ಆಮೇಲೆ ಅದಕ್ಕೆ ಹಲವು ಸೇರ್ಪಡೆಗಳಾಗಿವೆ. ಇಂದಿಗೂ ಅಲ್ಲಿ ಊಟ ಸಿಗುತ್ತದೆ, ರಾತ್ರಿ ತಂಗಲು ಕೋಣೆಗಳಿವೆ. ರಾಬರ್ಟ್ ಲೂಯಿಸ್ ಸ್ಟೀವನ್ಸನ್ 1886ರಲ್ಲಿ ಪ್ರಕಟಿಸಿದ ‘ಕಿಡ್‌ನ್ಯಾಪ್ಡ್’ ಕಾದಂಬರಿಯಲ್ಲಿ ಡೇವಿಡ್ ಬಾಲ್ಫರ್ ಎಂಬ ಹದಿಹರೆಯದ ಹುಡುಗ ಸ್ವಂತ ಚಿಕ್ಕಪ್ಪನ ಸಂಚಿಗೆ ಸಿಕ್ಕಿ ಹಡಗಿನ ಪಾಲಾಗುವುದು ಇದೇ ತಂಗುಮನೆಯ ಮುಂದಿನ ದಡದಿಂದ.

ಹಾಸನದ ನಮ್ಮ ಓದುಗರ ಬಳಗದಲ್ಲಿ ಈ ಕಾದಂಬರಿಯನ್ನು ಒಂದೊಂದೇ ಅಧ್ಯಾಯದಂತೆ ಓದಿ ಚರ್ಚಿಸುತ್ತಿದ್ದಾಗ ಆರನೆಯ ಅಧ್ಯಾಯದ ಹತ್ತಿರ ಎರಡು ಪ್ರಶ್ನೆಗಳು ಎದ್ದವು. ನಿವೃತ್ತ ಮೇಷ್ಟ್ರೊಬ್ಬರು, ಈ ತಂಗುಮನೆ ನಿಜವಾಗಿಯೂ ಇದೆಯೇ, ಇದ್ದರೆ ಅಂಥ ಅಪಹರಣ ಅಲ್ಲಿ ನಡೆದಿತ್ತೇ ಎಂದು ಕೇಳಿದರು. ಅರಸೀಕೆರೆಯ ಕಡೆಯಿಂದ ಬರುವ ಕಾಲೇಜು ವಿದ್ಯಾರ್ಥಿನಿಯ ಪ್ರಶ್ನೆ ಬೇರೆಯದು: “ಸರ್, ದೋಣಿ ನೀರಲ್ಲೇ ಇರುತ್ತಲ್ಲ, ಅದು ಹೊರಡೋಕೆ ಹೊತ್ತು ಯಾಕೆ ಕಾಯಬೇಕು?” ಮೇಲುನೋಟಕ್ಕೆ ಮೊದಲನೆಯದು ಸಾಹಿತ್ಯದ ಪ್ರಶ್ನೆ, ಎರಡನೆಯದು ಭೂಗೋಳದ ಪ್ರಶ್ನೆ. ಆದರೆ ಮೇಷ್ಟ್ರ ಪ್ರಶ್ನೆಗೆ ಸರಿಯಾದ ಉತ್ತರ ಆ ಹುಡುಗಿಯ ಪ್ರಶ್ನೆಯೊಳಗೇ ಇದೆಯೆಂಬುದು ನನ್ನ ಖಚಿತವಾದ ಅಭಿಪ್ರಾಯ. ಆ ದಡದಲ್ಲಿ ಪ್ರಯಾಣಿಕರು ಕಾಯಬೇಕಾಗಿತ್ತು. ಕಾಯಬೇಕಾಗಿದ್ದರಿಂದ ತಂಗುಮನೆ ಹುಟ್ಟಿತು. ತಂಗುಮನೆಯಲ್ಲಿ ಕಾಯುತ್ತ ಕುಳಿತವರ ಕಥೆಯನ್ನು ಇಬ್ಬರು ದೊಡ್ಡ ಕಾದಂಬರಿಕಾರರು ಒಬ್ಬರ ಹಿಂದೆ ಒಬ್ಬರು ಬರೆದರು.

ಮೊದಲು ಜಾಗದ ವಿಷಯ. ಫೋರ್ತ್ ಅಳಿವೆಯು ಪೂರ್ವದ ಕಡಲಿನಿಂದ ನಾಡಿನ ಒಳಕ್ಕೆ ಉದ್ದವಾಗಿ ಚಾಚಿಕೊಂಡಿದೆ. ಎಡಿನ್‌ಬರೊ ಅದರ ದಕ್ಷಿಣಕ್ಕಿದೆ. ಡನ್‌ಫರ್ಮ್‌ಲಿನ್, ಸೇಂಟ್ ಆಂಡ್ರೂಸ್ ಮೊದಲಾದ ಊರುಗಳು ಉತ್ತರಕ್ಕಿವೆ. ನೆಲದ ದಾರಿಯಲ್ಲೇ ಹೋಗಬೇಕೆಂದರೆ ಪಶ್ಚಿಮಕ್ಕೆ ಬಹುದೂರ ನಡೆದು ಸ್ಟರ್ಲಿಂಗ್ ಎಂಬಲ್ಲಿಯ ಸೇತುವೆಯನ್ನು ಹಿಡಿಯಬೇಕಿತ್ತು. ಕ್ವೀನ್ಸ್‌ಫೆರಿಯ ಬಳಿ ಮಾತ್ರ ಎರಡು ದಡಗಳೂ ಹತ್ತಿರ ಬಂದು ಅಳಿವೆಯ ಅಗಲ ಸುಮಾರು ಎರಡು ಕಿಲೋಮೀಟರಿಗೆ ಇಳಿಯುತ್ತದೆ, ನಡುವೆ ಇಂಚ್‌ಗಾರ್ವಿ ಎಂಬ ಕಲ್ಲುದ್ವೀಪವೂ ಇದೆ. ಹೀಗಾಗಿ ದಾಟುವವರೆಲ್ಲ ಇಲ್ಲಿಗೇ ಬರುತ್ತಿದ್ದರು. 11ನೆಯ ಶತಮಾನದಲ್ಲಿ ಮೂರನೆಯ ಮಾಲ್ಕಮ್ ದೊರೆಯ ರಾಣಿಯಾಗಿದ್ದ ಮಾರ್ಗರೆಟ್, ಸೇಂಟ್ ಆಂಡ್ರೂಸಿಗೆ ಹೋಗುವ ಯಾತ್ರಿಕರು ಹಣ ತೆರದೆ ದಾಟುವಂತೆ ಇಲ್ಲಿ ದೋಣಿಗಳ ಏರ್ಪಾಡು ಮಾಡಿದಳು. ಊರಿಗೆ ಹೆಸರು ಬಂದದ್ದು ಅವಳಿಂದಲೇ. 1093ರಲ್ಲಿ ತೀರಿಕೊಂಡ ಅವಳನ್ನು ಮುಂದೆ ಸಂತಳೆಂದು ಘೋಷಿಸಲಾಯಿತು. ಈ ಕಡವು ಎಷ್ಟು ಅನಿವಾರ್ಯವಾಗಿತ್ತೆಂಬುದಕ್ಕೆ 1286ರ ಒಂದು ಘಟನೆ ಸಾಕ್ಷಿ. ಆ ವರ್ಷದ ಮಾರ್ಚಿಯ ಬಿರುಗಾಳಿಯ ರಾತ್ರಿಯಲ್ಲಿ ಮೂರನೆಯ ಅಲೆಕ್ಸಾಂಡರ್ ದೊರೆ, ದಾಟುವುದು ಬೇಡವೆಂದು ಅಂಬಿಗ ಹೇಳಿದರೂ ಕೇಳದೆ ಇಲ್ಲಿಂದ ಆಚೆ ದಡಕ್ಕೆ ಹೋದನು. ನೀರು ಅವನನ್ನು ಏನೂ ಮಾಡಲಿಲ್ಲ. ಆದರೆ ಅದೇ ರಾತ್ರಿ ಕಿಂಗ್‌ಹಾರ್ನ್ ಬಳಿ ಕತ್ತಲಲ್ಲಿ ಕುದುರೆಯಿಂದ ಬಿದ್ದು ಸತ್ತನು. ಸಿಂಹಾಸನಕ್ಕೆ ಗಂಡು ವಾರಸುದಾರನಿಲ್ಲದ ಕಾರಣ ಸ್ಕಾಟ್ಲೆಂಡು ಇಂಗ್ಲೆಂಡಿನೊಡನೆ ದೀರ್ಘ ಯುದ್ಧಗಳಿಗೆ ಜಾರಿತು.

ಇನ್ನು ಆ ವಿದ್ಯಾರ್ಥಿನಿಯ ಪ್ರಶ್ನೆ. ನಮ್ಮ ಹೇಮಾವತಿ, ಭದ್ರೆಗಳು ಮಳೆ ಬಂದರೆ ಏರುತ್ತವೆ, ಬೇಸಿಗೆಯಲ್ಲಿ ಇಳಿಯುತ್ತವೆ. ಹೊಳೆಯ ನೀರು ಮಳೆಯ ಹಂಗಿಲ್ಲದೆ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆಯೆಂಬುದು ಘಟ್ಟದ ಮೇಲಿನವರಿಗೆ ಕಣ್ಣಾರೆ ಕಾಣದ ಸಂಗತಿ. ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಕಡಲು ಉಬ್ಬಿದಾಗ ಆ ಉಬ್ಬರ ಅಳಿವೆಯೊಳಕ್ಕೂ ನುಗ್ಗುತ್ತದೆ, ಕಡಲು ಇಳಿದಾಗ ಅಳಿವೆಯ ನೀರೂ ಹಿಂದೆ ಸರಿಯುತ್ತದೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದು ಮಧ್ಯಾಹ್ನ 12 ಗಂಟೆಗೆ ಬಂದ ಉಬ್ಬರ ನಾಳೆ 12 ಗಂಟೆ 50 ನಿಮಿಷಕ್ಕೆ ಬರುತ್ತದೆ, ನಾಡಿದ್ದು ಇನ್ನೂ ತಡವಾಗಿ. ಮಂಗಳೂರಿನ ಕಡಲಲ್ಲಿ ಈ ಏರಿಳಿತ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ಫೋರ್ತ್ ಅಳಿವೆಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಅದು ಸುಮಾರು 5 ಮೀಟರ್ ಮುಟ್ಟುತ್ತದೆ. ಅಂದರೆ ಬೆಳಗ್ಗೆ ದಕ್ಕೆಗೆ ತಾಗಿ ತೇಲುತ್ತಿದ್ದ ದೋಣಿ ಮಧ್ಯಾಹ್ನದ ವೇಳೆಗೆ ಕೆಸರಿನ ಮೇಲೆ ಕುಳಿತಿರಬಹುದು, ನೀರಿನ ಅಂಚು ಕಲ್ಲು ಬಂಡೆಗಳನ್ನು ದಾಟಿ ದೂರ ಸರಿದಿರಬಹುದು. ಇದರ ಜೊತೆಗೆ ಇಕ್ಕಟ್ಟಾದ ಜಾಗದಲ್ಲಿ ನುಗ್ಗುವ ನೀರಿನ ಸೆಳವು ಬಲವಾಗಿರುತ್ತದೆ; ಎಂಜಿನ್ ಇಲ್ಲದ ಕಾಲದಲ್ಲಿ ಹಾಯಿ ಮತ್ತು ಹುಟ್ಟುಗಳನ್ನು ನಂಬಿದ ಅಂಬಿಗರು ಸೆಳವು, ಗಾಳಿ ಎರಡೂ ಒಪ್ಪಿದಾಗ ಮಾತ್ರ ದಾಟಬಲ್ಲವರಾಗಿದ್ದರು.

ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿದ ದಿನ ಸಕಲೇಶಪುರದಲ್ಲಿ ಏನಾಗುತ್ತದೆಂದು ನೆನೆದರೆ ಆ ದಡದ ನಿತ್ಯದ ಸ್ಥಿತಿ ನಮಗೆ ಅರ್ಥವಾದೀತು. ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ, ಹೋಟೆಲುಗಳು ತುಂಬುತ್ತವೆ, ಧರ್ಮಸ್ಥಳಕ್ಕೆ ಹೊರಟವರೂ ಮಂಗಳೂರಿನ ಆಸ್ಪತ್ರೆಗೆ ಹೊರಟವರೂ ಸರಕಿನ ಏಜೆಂಟರೂ ಒಂದೇ ಬೆಂಚಿನಲ್ಲಿ ಕುಳಿತು ಕಾಫಿ ಕುಡಿಯುತ್ತ, ದಾರಿ ಯಾವಾಗ ಬಿಡುತ್ತಾರೆಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ನಮಗೆ ಮಳೆಗಾಲದಲ್ಲಿ ಬರುವ ಈ ಸ್ಥಿತಿ ಹಾಸ್ ಇನ್ನಿನಲ್ಲಿ ವರ್ಷವಿಡೀ, ದಿನದಿನವೂ ಇತ್ತು.

19ನೆಯ ಶತಮಾನದ ಆರಂಭದಲ್ಲಿ ಎಂಜಿನಿಯರ್ ಜಾನ್ ರೆನ್ನಿಯ ಯೋಜನೆಯಂತೆ ಇಲ್ಲಿ ನೀರಿನೊಳಕ್ಕೆ ಇಳಿಜಾರಾಗಿ ಇಳಿಯುವ ಉದ್ದನೆಯ ದಕ್ಕೆ ಕಟ್ಟಿದರು. ನೀರು ಯಾವ ಮಟ್ಟದಲ್ಲಿದ್ದರೂ ಇಳಿಜಾರಿನ ಯಾವುದೋ ಒಂದು ಭಾಗ ನೀರಿನ ಅಂಚಿಗೆ ಸಿಕ್ಕೇ ಸಿಗುತ್ತದೆಂಬುದು ಅದರ ಹಿಂದಿನ ಲೆಕ್ಕಾಚಾರ. ಈಗ ನೋಡಲು ಸಿಗುವುದು ಈ ದಕ್ಕೆ. ‘ಕಿಡ್‌ನ್ಯಾಪ್ಡ್’ ಕಥೆ ನಡೆಯುವುದು 1751ರಲ್ಲಿ. ಹಾಗಾಗಿ ಡೇವಿಡ್ ಬಾಲ್ಫರ್ ನಿಂತ ಕಲ್ಲುಗಳೆಂದು ಯಾರಾದರೂ ಇದನ್ನು ತೋರಿಸಿದರೆ ನಂಬಬೇಕಾಗಿಲ್ಲ.

ಹಾಸ್ ಇನ್ನನ್ನು ಸಾಹಿತ್ಯಕ್ಕೆ ಮೊದಲು ತಂದವರು ಸ್ಟೀವನ್ಸನ್ ಅಲ್ಲ, ವಾಲ್ಟರ್ ಸ್ಕಾಟ್. ಅವರ ‘ದಿ ಆ್ಯಂಟಿಕ್ವರಿ’ 1816ರಲ್ಲಿ ಲೇಖಕರ ಹೆಸರಿಲ್ಲದೆ ಪ್ರಕಟವಾಯಿತು. ಅದರ ಮೊದಲ ಅಧ್ಯಾಯದಲ್ಲಿ ಒಂದು ಗಾಡಿ ಎಡಿನ್‌ಬರೊದಿಂದ ಕ್ವೀನ್ಸ್‌ಫೆರಿಗೆ ಸರಿಯಾಗಿ 12 ಗಂಟೆಗೆ ಹೊರಡಬೇಕು. ಹೊರಟರೆ ಪ್ರಯಾಣಿಕರಿಗೆ ಉಬ್ಬರದ ಹೊತ್ತಿನ ದೋಣಿ ಸಿಗುತ್ತದೆಂದು ಪ್ರಕಟಣೆಯೇ ಹೇಳುತ್ತದೆ. ಗಾಡಿ ಬರುವುದಿಲ್ಲ. ಹಳೆಯ ನಾಣ್ಯ, ಶಾಸನ, ಕೋಟೆಕೊತ್ತಲಗಳ ಹುಚ್ಚು ಹಿಡಿದ ಓಲ್ಡ್‌ಬಕ್ ಎಂಬ ಮುದುಕ, ನೆಲಮಟ್ಟಕ್ಕಿಂತ ಕೆಳಗಿನ ತನ್ನ ಅಂಗಡಿಯಲ್ಲಿ ಕುಳಿತು ಟಿಕೆಟು ಕೊಡುವ ಮಿಸೆಸ್ ಮ್ಯಾಕ್ಲೂಕರ್ ಎಂಬಾಕೆಯ ಮೇಲೆ ರೇಗಾಡುತ್ತಾನೆ. ಗಾಡಿ ಬಂದ ಮೇಲೂ ದಾರಿಯಲ್ಲಿ ವಿಘ್ನಗಳು. ಕೊನೆಗೆ ಹಾಸ್ ಇನ್ನಿನ ಮೇಲಿನ ದಿಬ್ಬವನ್ನು ಇಳಿಯುವಾಗ ಒದ್ದೆ ಮರಳಿನ ಹರವನ್ನೂ, ಕಡಲಪಾಚಿ ಹೊದ್ದು ಮೇಲೆದ್ದ ಕಪ್ಪು ಬಂಡೆಗಳನ್ನೂ ಕಂಡೊಡನೆ ಓಲ್ಡ್‌ಬಕ್‌ಗೆ ಹೊತ್ತು ಮೀರಿತೆಂದು ಗೊತ್ತಾಗುತ್ತದೆ. ಒಂದು ನೋಟಕ್ಕೆ ದಡವನ್ನು ಗಡಿಯಾರದಂತೆ ಓದಬಲ್ಲವನು ಅವನು. ಬೇರೆ ದಾರಿಯಿಲ್ಲದೆ ಅವನೂ ಸಹಪ್ರಯಾಣಿಕ ಲವೆಲ್ ಎಂಬ ಯುವಕನೂ ಹಾಸ್ ಇನ್ನಿನಲ್ಲಿ ಊಟಕ್ಕೆ ಕೂರುತ್ತಾರೆ. ಆ ಊಟದಲ್ಲಿ ಬೆಳೆದ ಪರಿಚಯದ ಮೇಲೆಯೇ ಮುಂದಿನ ಇಡೀ ಕಾದಂಬರಿ ನಿಲ್ಲುತ್ತದೆ. ಉಬ್ಬರ ಸಿಕ್ಕಿದ್ದರೆ ಆ ಊಟವಿಲ್ಲ, ಆ ಸ್ನೇಹವೂ ಇಲ್ಲ. ಸ್ಕಾಟ್ ಇಷ್ಟು ಸರಳವಾದ ಕಾರಣದಿಂದ ಕಥೆಯನ್ನು ಹೊರಡಿಸಿದ್ದನ್ನು ನಾನು ಬಹಳ ಮೆಚ್ಚುತ್ತೇನೆ.

ಸ್ಟೀವನ್ಸನ್ನರ ಮನೆತನಕ್ಕೂ ಸ್ಕಾಟರಿಗೂ ಒಂದು ನಂಟಿದೆ. ಸ್ಟೀವನ್ಸನ್ನರ ತಾತ ರಾಬರ್ಟ್ ಸ್ಟೀವನ್ಸನ್ ದೀಪಸ್ತಂಭಗಳ ಎಂಜಿನಿಯರ್. ಕಡಲ ನಡುವಿನ ಬೆಲ್ ರಾಕ್ ಬಂಡೆಯ ಮೇಲೆ ಅವರು ಕಟ್ಟಿಸಿದ ದೀಪ 1811ರಲ್ಲಿ ಮೊದಲು ಬೆಳಗಿತು. 1814ರಲ್ಲಿ ಅವರು ದೀಪಸ್ತಂಭಗಳ ತಪಾಸಣೆಗೆಂದು ಸ್ಕಾಟ್ಲೆಂಡಿನ ಕರಾವಳಿಯನ್ನು ಸುತ್ತಿದಾಗ ಹಡಗಿನಲ್ಲಿ ಜೊತೆಗಿದ್ದವರು ವಾಲ್ಟರ್ ಸ್ಕಾಟ್. ತಂದೆ ತಾಮಸ್ ಸ್ಟೀವನ್ಸನ್ ಕೂಡ ಅದೇ ವೃತ್ತಿಯವರು. 1850ರ ನವೆಂಬರ್ 13ರಂದು ಎಡಿನ್‌ಬರೊದಲ್ಲಿ ಹುಟ್ಟಿದ ಮಗನೂ ಎಂಜಿನಿಯರಿಂಗ್ ಓದಿ, 1871ರಲ್ಲಿ ದೀಪಸ್ತಂಭದ ಬೆಳಕಿನ ಬಗೆಗೆ ಪ್ರಬಂಧ ಮಂಡಿಸಿ ಬೆಳ್ಳಿಯ ಪದಕವನ್ನೂ ಪಡೆದರು. ಅದೇ ವರ್ಷ ತನಗೆ ಈ ಕೆಲಸ ಬೇಡ, ಬರಹ ಬೇಕು ಎಂದು ತಂದೆಗೆ ತಿಳಿಸಿದರು. ತಂದೆಯ ಸಮಾಧಾನಕ್ಕೆ ವಕೀಲಿಯನ್ನೂ ಓದಿದರು. ದಡ, ದಕ್ಕೆ, ನೀರಿನ ಸೆಳವು, ಹಡಗು ನಿಲ್ಲುವ ತಾವು ಇವುಗಳನ್ನು ಅವರು ಪುಸ್ತಕ ನೋಡಿ ಬರೆದದ್ದಲ್ಲ. ಅದು ಮನೆಯ ಅನ್ನದ ವಿಷಯವಾಗಿತ್ತು.

ಈಗ ಮೇಷ್ಟ್ರ ಪ್ರಶ್ನೆಯ ತಿರುಳಿಗೆ ಬರೋಣ. 1882ರ ನವೆಂಬರಿನಲ್ಲಿ ಸ್ಟೀವನ್ಸನ್ ಒಂದು ಮಾಸಪತ್ರಿಕೆಯಲ್ಲಿ ಸಾಹಸಕಥೆಗಳ ಸ್ವರೂಪವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಕೆಲವು ಜಾಗಗಳು ತಮಗೆ ತಕ್ಕ ಘಟನೆಯನ್ನು ತಾವೇ ಬೇಡುತ್ತವೆಂಬುದು ಅದರ ಮುಖ್ಯವಾದ ವಿಚಾರ: ಕೆಲವು ಕತ್ತಲ ತೋಟಗಳು ಕೊಲೆಯನ್ನು ಕೇಳುತ್ತವೆ, ಕೆಲವು ಹಳೆಯ ಮನೆಗಳು ದೆವ್ವವನ್ನು ಬಯಸುತ್ತವೆ, ಕೆಲವು ತೀರಗಳು ಹಡಗು ಒಡೆಯಲೆಂದೇ ಇವೆ. ಇದಕ್ಕೆ ಅವರು ಕೊಡುವ ಉದಾಹರಣೆಗಳಲ್ಲಿ ಹಾಸ್ ಇನ್ ಒಂದು. ಊರಿನಿಂದ ದೂರವಾಗಿ ದಕ್ಕೆಯ ಪಕ್ಕದಲ್ಲಿ, ಅರ್ಧ ನೆಲದ್ದೂ ಅರ್ಧ ಕಡಲಿನದೂ ಆದ ಹವೆಯಲ್ಲಿ ಅದು ನಿಂತಿದೆ. ಮುಂದೆ ಸೆಳವಿನೊಡನೆ ಗುಳುಗುಳಿಸುವ ಕಡವು, ಲಂಗರಿನ ಮೇಲೆ ತೂಗುವ ಕಾವಲು ಹಡಗು, ಹಿಂದೆ ಮರಗಳ ಹಳೆಯ ತೋಟ. ಸ್ಕಾಟರ ಲವೆಲ್ ಮತ್ತು ಓಲ್ಡ್‌ಬಕ್ ಊಟ ಮಾಡಿದ ಜಾಗವೆಂದು ಅಮೆರಿಕದವರು ಆಗಲೇ ಅದನ್ನು ಹುಡುಕಿಕೊಂಡು ಬರುತ್ತಿದ್ದರಂತೆ. ಆದರೆ ಅಷ್ಟರಿಂದ ಈ ಜಾಗದ ಋಣ ತೀರಲಿಲ್ಲ, ಇನ್ನೂ ಬರೆಯದ ಕಥೆಯೊಂದು ಇಲ್ಲಿದೆ ಎನ್ನುತ್ತಾರೆ ಸ್ಟೀವನ್ಸನ್.

ಆ ಪ್ರಬಂಧದಲ್ಲಿ ಅವರು ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ತಾವು ಹಾಸ್ ಇನ್ನಿನಲ್ಲಿ ಇದ್ದುದುಂಟು. ಆಗ ರಾತ್ರಿ ಮಲಗುವಾಗಲೂ ಬೆಳಗ್ಗೆ ಏಳುವಾಗಲೂ, ಈ ಜಾಗಕ್ಕೆ ತಕ್ಕುದಾದ ಸಾಹಸವೊಂದು ಇನ್ನೇನು ನಡೆದೇಬಿಡುತ್ತದೆಂಬ ಪುಲಕ ಬಿಡದೆ ಕಾಡುತ್ತಿತ್ತು. ಆದರೆ ಹೇಳಿಕೊಳ್ಳುವಂಥದು ಏನೂ ನಡೆಯಲಿಲ್ಲ. ಮೇಷ್ಟ್ರಿಗೆ ಸಲ್ಲಬೇಕಾದ ಉತ್ತರ ಇದು. ತಂಗುಮನೆ ನಿಜ, ಲೇಖಕರು ಅಲ್ಲಿ ತಂಗಿದ್ದೂ ನಿಜ, ಘಟನೆ ಮಾತ್ರ ನಡೆಯಲಿಲ್ಲ. ನಡೆಯದ ಘಟನೆಗಾಗಿ ಅಲ್ಲಿ ಕಾದು ಕುಳಿತವರು ಸ್ವತಃ ಲೇಖಕರೇ. ಮುಂದೊಂದು ದಿನ ಕ್ವೀನ್ಸ್‌ಫೆರಿಯ ದಕ್ಕೆಯಿಂದ ಅಮೂಲ್ಯವಾದ ಹೊರೆಯನ್ನು ಹೊತ್ತ ದೋಣಿಯೊಂದು ಹೊರಟೀತು ಎಂದು ಅವರು ಆ ಭಾಗವನ್ನು ಮುಗಿಸಿದರು. ಐದು ವರ್ಷಗಳ ಬಳಿಕ, 1887ರಲ್ಲಿ, ಅದೇ ಪ್ರಬಂಧ ಪುಸ್ತಕದಲ್ಲಿ ಸೇರಿದಾಗ, ಆ ದೋಣಿಯನ್ನು ‘ಕಿಡ್‌ನ್ಯಾಪ್ಡ್’ನಲ್ಲಿ ನನ್ನ ಕೈಯಿಂದಲೇ ನೀರಿಗಿಳಿಸಲು ಯತ್ನಿಸಿದ್ದೇನೆಂದು ಅಡಿಟಿಪ್ಪಣಿ ಬರೆದರು. ಕಾದಂಬರಿಯ ಬೀಜ ಎಲ್ಲಿ ಬಿತ್ತೆಂದು ಲೇಖಕನೇ ಇಷ್ಟು ಸ್ಪಷ್ಟವಾಗಿ ಗುರುತು ಹಾಕಿಟ್ಟದ್ದು ವಿರಳ.

ಆ ದೋಣಿ ಹೇಗೆ ಹೊರಡುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ತಂದೆ ತೀರಿಕೊಂಡ ಮೇಲೆ ಡೇವಿಡ್, ತಾನು ಎಂದೂ ಕಾಣದ ಚಿಕ್ಕಪ್ಪ ಎಬೆನೀಜರನ ಮನೆಗೆ ಬರುತ್ತಾನೆ. ಆಸ್ತಿಗೆ ನಿಜವಾದ ಹಕ್ಕುದಾರ ಡೇವಿಡ್. ಅದು ಚಿಕ್ಕಪ್ಪನಿಗೆ ಗೊತ್ತು, ಹುಡುಗನಿಗೆ ಗೊತ್ತಿಲ್ಲ. ಕ್ವೀನ್ಸ್‌ಫೆರಿಯಲ್ಲಿರುವ ವಕೀಲ ರ‍್ಯಾಂಕೀಲರನ್ನು ಕಾಣೋಣವೆಂಬ ನೆಪದಿಂದ ಚಿಕ್ಕಪ್ಪ ಅವನನ್ನು ಕರೆದೊಯ್ಯುತ್ತಾನೆ. ಗುಡ್ಡದ ಮೇಲಿಂದ ಡೇವಿಡ್‌ಗೆ ಕಾಣುವುದು ಇಷ್ಟು: ಹೊಳೆಯಷ್ಟು ಕಿರಿದಾದ ಅಳಿವೆ, ನಡುವೆ ಪಾಳುಗೋಡೆಗಳ ಪುಟ್ಟ ದ್ವೀಪ, ದಕ್ಕೆ, ದಕ್ಕೆಯ ತುದಿಗೆ ರಸ್ತೆಯಾಚೆ ತಂಗುಮನೆ. ಊರು ಪಶ್ಚಿಮಕ್ಕೆ ದೂರದಲ್ಲಿದೆ. ಪ್ರಯಾಣಿಕರನ್ನು ಹೊತ್ತ ದೋಣಿ ಆಗತಾನೆ ಉತ್ತರದ ದಡಕ್ಕೆ ಹೊರಟುಹೋಗಿರುವುದರಿಂದ ತಂಗುಮನೆಯ ಸುತ್ತ ಜನರೇ ಇಲ್ಲ. ಓದುವಾಗ ಸುಲಭವಾಗಿ ಕಣ್ತಪ್ಪುವ ಈ ಒಂದು ವಾಕ್ಯದಲ್ಲಿ ಇಡೀ ಅಪರಾಧದ ಅನುಕೂಲ ಅಡಗಿದೆ. ಅರ್ಧ ಗಂಟೆ ಮುಂಚೆ ಬಂದಿದ್ದರೆ ದಕ್ಕೆಯ ತುಂಬ ಜನ, ಕುದುರೆ, ಸಾಮಾನು ಇರುತ್ತಿದ್ದವು. ಒಂದು ದೋಣಿ ಹೋಗಿ ಇನ್ನೊಂದು ಬರುವ ನಡುವಿನ ನಿರ್ಜನ ಹೊತ್ತಿನಲ್ಲಿ ನೋಡುವ ಕಣ್ಣುಗಳಿಲ್ಲ. ಕಡವಿನ ವೇಳಾಪಟ್ಟಿಯನ್ನು ಬಲ್ಲವನಿಗೆ ಮಾತ್ರ ಇಂಥ ವಾಕ್ಯ ಹೊಳೆಯುತ್ತದೆ.

ತಂಗುಮನೆಯ ಮಹಡಿಯ ಚಿಕ್ಕ ಕೋಣೆಯಲ್ಲಿ ಕ್ಯಾಪ್ಟನ್ ಹೋಸೀಸನ್ ಕುಳಿತು ಬರೆಯುತ್ತಿದ್ದಾನೆ. ಕಲ್ಲಿದ್ದಲ ದೊಡ್ಡ ಬೆಂಕಿಯಿಂದ ಕೋಣೆ ಒಲೆಯಂತೆ ಕಾದಿದೆ, ಆದರೂ ಅವನು ದಪ್ಪನೆಯ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು ಕಿವಿ ಮುಚ್ಚುವಂತೆ ರೋಮದ ಟೋಪಿ ಎಳೆದುಕೊಂಡಿದ್ದಾನೆ. ಆ ಸೆಕೆ ತಾಳಲಾರದೆ ಡೇವಿಡ್ ಹೊರಗೆ ಬರುತ್ತಾನೆ. ಕೆಳಗೆ ತಂಗುಮನೆಯ ಯಜಮಾನ ಆಡಿದ ಹರಟೆಯಿಂದ ಆಸ್ತಿ ತನ್ನದೆಂಬ ಗುಟ್ಟು ಅವನಿಗೆ ತಿಳಿಯುತ್ತದೆ. ಸತ್ಯ ತಿಳಿದದ್ದೂ ಅದೇ ಮನೆಯಲ್ಲಿ, ಬಲೆ ಬಿದ್ದದ್ದೂ ಅದೇ ಮನೆಯಲ್ಲಿ. ಕ್ಯಾಪ್ಟನ್ ಒತ್ತಾಯವನ್ನೇ ಮಾಡುವುದಿಲ್ಲ. ಚಿಕ್ಕಪ್ಪನ ಬಗೆಗೆ ಎಚ್ಚರವಾಗಿರು, ಹಡಗಿಗೆ ಬಾ, ನಿನ್ನೊಡನೆ ಮಾತಾಡುವುದಿದೆ ಎಂದು ಹಿತೈಷಿಯಂತೆ ಕಿವಿಯಲ್ಲಿ ಉಸುರುತ್ತಾನೆ. ಹುಡುಗ ತಾನಾಗಿಯೇ ದೋಣಿ ಹತ್ತುತ್ತಾನೆ. ಹಡಗಿನ ಮೇಲೆ ನಿಂತು, ಚಿಕ್ಕಪ್ಪನೆಲ್ಲಿ ಎಂದು ತಿರುಗಿ ನೋಡಿದಾಗ ದೋಣಿ ಎಬೆನೀಜರನನ್ನು ಕೂರಿಸಿಕೊಂಡು ಊರ ಕಡೆಗೆ ಸಾಗುತ್ತಿರುತ್ತದೆ. ಡೇವಿಡನ ಕೂಗು ಎರಡೂ ದಡಗಳಲ್ಲಿ ಮೊಳಗುತ್ತದೆ. ಚಿಕ್ಕಪ್ಪ ತಿರುಗಿ ತೋರಿದ ಮುಖದಲ್ಲಿ ಕ್ರೌರ್ಯವೂ ಇದೆ, ಭಯವೂ ಇದೆ. ಅಷ್ಟರಲ್ಲಿ ಹುಡುಗನ ತಲೆಗೆ ಪೆಟ್ಟು ಬೀಳುತ್ತದೆ.

ಇದು ಕೇವಲ ಕಲ್ಪನೆಯ ಅಪರಾಧವಲ್ಲವೆಂದು ಹೇಳುವುದು ಅಗತ್ಯ. 18ನೆಯ ಶತಮಾನದಲ್ಲಿ ಅಮೆರಿಕದ ತೋಟಗಳಿಗೆ ಆಳುಗಳು ಬೇಕಾಗಿದ್ದರು. ಇಷ್ಟು ವರ್ಷ ದುಡಿಯುತ್ತೇನೆಂದು ಕರಾರಿಗೆ ಒಪ್ಪಿ ಹೋಗುವವರಿದ್ದಂತೆ, ಕದ್ದೊಯ್ದು ಮಾರಲ್ಪಟ್ಟ ಮಕ್ಕಳೂ ಇದ್ದರು. ಅಬರ್ಡೀನ್ ಬಂದರಿನಿಂದ 1743ರಲ್ಲಿ ಕದ್ದೊಯ್ಯಲ್ಪಟ್ಟ ಪೀಟರ್ ವಿಲಿಯಮ್‌ಸನ್ ಎಂಬ ಹುಡುಗನನ್ನು ಫಿಲಡೆಲ್ಫಿಯಾದಲ್ಲಿ ಮಾರಿದರು. ಬೆಳೆದು ದೊಡ್ಡವನಾಗಿ ತಾಯ್ನಾಡಿಗೆ ಮರಳಿದ ಅವನು ತನ್ನ ಕಥೆಯನ್ನು ಅಚ್ಚು ಹಾಕಿಸಿ ಮಾರಿದಾಗ ಅಬರ್ಡೀನಿನ ಅಧಿಕಾರಸ್ಥರು ಆ ಪುಸ್ತಕವನ್ನೇ ಸುಡಿಸಿದರು. ಅವನು ಬಿಡದೆ ಎಡಿನ್‌ಬರೊದ ನ್ಯಾಯಾಲಯದಲ್ಲಿ ಅವರ ಮೇಲೆ ದಾವೆ ಹೂಡಿ ಗೆದ್ದನು. ‘ಕಿಡ್‌ನ್ಯಾಪ್ಡ್’ನಲ್ಲಿಯೂ ಹೋಸೀಸನ್ನನ ಹಡಗು ಅಮೆರಿಕದ ಕರೊಲಿನಾಕ್ಕೆ ಹೊರಟದ್ದು. ಈ ಕೆಲಸಕ್ಕೆ 20 ಪೌಂಡು ಕೊಟ್ಟೆನೆಂದೂ, ಹುಡುಗನನ್ನು ಮಾರಿ ಬರುವ ಹಣವೂ ಕ್ಯಾಪ್ಟನ್ನನಿಗೇ ಎಂಬ ಒಪ್ಪಂದವಿತ್ತೆಂದೂ ಎಬೆನೀಜರ್ ಕೊನೆಯಲ್ಲಿ ಬಾಯಿಬಿಡುತ್ತಾನೆ. ಮೇಸ್ತ್ರಿಗಳು ಮುಂಗಡ ಹಣ ಕೊಟ್ಟು ಘಟ್ಟದ ಕೆಳಗಿನಿಂದ ಆಳುಗಳನ್ನು ಮಲೆನಾಡಿನ ಕಾಫಿ ತೋಟಗಳಿಗೆ ಕರೆತರುತ್ತಿದ್ದ ಕಾಲದ ಮಾತುಗಳನ್ನು ಕೇಳಿ ಬೆಳೆದ ನಮ್ಮ ಬಳಗದ ಕೆಲವರು ಈ ಎರಡನ್ನೂ ಒಂದೇ ಎಂದು ವಾದಿಸಿದರು. ನಾನು ಹಾಗೆ ಹೇಳಲಾರೆ. ಮುಂಗಡದ ಸಾಲ ಆಳನ್ನು ಕಟ್ಟಿಹಾಕುತ್ತಿತ್ತೆಂಬುದು ನಿಜ; ಆದರೆ ತಲೆಗೆ ಹೊಡೆದು ಸಾಗಿಸುವುದು ಬೇರೆಯೇ ಬಗೆಯ ಪಾತಕ. ತೋಟಕ್ಕೆ ಆಳು ಬೇಕಾದಾಗ ಬಂದರಿನ ತಂಗುಮನೆಯ ಕೋಣೆಗಳಲ್ಲಿ ಎಂಥ ವ್ಯವಹಾರಗಳು ಕುದುರುತ್ತವೆಂಬುದನ್ನು ಮಾತ್ರ ನಮ್ಮ ಸೀಮೆಯ ಓದುಗರು ಬೇಗ ಅರ್ಥಮಾಡಿಕೊಂಡಾರು.

ಕಾದಂಬರಿಯ ರಚನೆಯಲ್ಲಿ ಇನ್ನೊಂದು ತಂಗುಮನೆಯ ಪಾತ್ರವಿದೆ, ಅದರ ಬಗೆಗೆ ಸಾಕಷ್ಟು ಮಾತು ಕೇಳಿಬರುವುದಿಲ್ಲ. ಹಡಗು ಒಡೆದು, ಅಲನ್ ಬ್ರೆಕ್ ಎಂಬ ಬಂಡುಕೋರನ ಜೊತೆ ಬೆಟ್ಟಗಳಲ್ಲಿ ಅಲೆದು, ಸೈನಿಕರ ಕಣ್ಣು ತಪ್ಪಿಸಿ ಹಿಂತಿರುಗುವ ಡೇವಿಡ್‌ಗೆ ಕೊನೆಯ ಅಡ್ಡಿ ಮತ್ತೆ ಫೋರ್ತ್. ಸ್ಟರ್ಲಿಂಗ್ ಸೇತುವೆಗೆ ಕಾವಲಿದೆ. ಇಬ್ಬರೂ ಉತ್ತರ ದಡದ ಲೈಮ್‌ಕಿಲ್ನ್ಸ್ ಎಂಬ ಹಳ್ಳಿಯ ಚಿಕ್ಕ ತಂಗುಮನೆಯಲ್ಲಿ ರೊಟ್ಟಿ, ಚೀಸು ಕೊಳ್ಳುತ್ತಾರೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಅವರ ಕಷ್ಟಕ್ಕೆ ಕರಗಿ, ಎಲ್ಲರೂ ಮಲಗಿದ ಮೇಲೆ ನೆರೆಯವರ ದೋಣಿಯನ್ನು ತಂದು, ತಾನೊಬ್ಬಳೇ ಹುಟ್ಟು ಹಾಕಿ ಅವರನ್ನು ದಕ್ಷಿಣ ದಡಕ್ಕೆ ಮುಟ್ಟಿಸಿ, ಕೃತಜ್ಞತೆಯ ಮಾತಿಗೂ ಕಾಯದೆ ಹಿಂತಿರುಗುತ್ತಾಳೆ. ಒಂದು ದಡದ ತಂಗುಮನೆಯಿಂದ ಹಣದ ಆಸೆಗೆ ಹುಡುಗನನ್ನು ಸಾಗಿಸಿದ ದೋಣಿ, ಎದುರು ದಡದ ತಂಗುಮನೆಯಿಂದ ಯಾವ ಆಸೆಯೂ ಇಲ್ಲದೆ ಅವನನ್ನು ಮರಳಿ ತಂದ ದೋಣಿ. ಒಂದೇ ನೀರನ್ನು ಎರಡು ಬಗೆಯಲ್ಲಿ ದಾಟುವ ಈ ಎರಡು ಅಧ್ಯಾಯಗಳ ನಡುವೆ ಉಳಿದ ಕಥೆಯೆಲ್ಲ ಕುಳಿತಿದೆ. ಸಂಕ್ಷಿಪ್ತ ಆವೃತ್ತಿಗಳಲ್ಲಿ ಈ ಎರಡನೆಯ ದಾಟು ಕೆಲವು ಸಾಲುಗಳಿಗೆ ಕುಗ್ಗಿದರೆ ಕಾದಂಬರಿಯ ಸಮತೂಕವೇ ಹೋಗುತ್ತದೆ.

ಹಾಸ್ ಇನ್ನಿನಲ್ಲಿ ದಕ್ಕೆಯ ಕಡೆಗೆ ಮುಖಮಾಡಿದ ಒಂದು ಕೋಣೆಯಲ್ಲಿ ಸ್ಟೀವನ್ಸನ್ ಈ ಕಾದಂಬರಿಯನ್ನು ಕಲ್ಪಿಸಿದರೆಂಬ, ಅಲ್ಲಿಯೇ ಬರೆಯತೊಡಗಿದರೆಂಬ ಮಾತು ಪ್ರಚಾರದಲ್ಲಿದೆ. ತಂಗಿದ್ದಕ್ಕೆ ಅವರದೇ ಮಾತು ಆಧಾರ. ಆದರೆ ಪುಸ್ತಕವನ್ನು ಬರೆದದ್ದು ಇಂಗ್ಲೆಂಡಿನ ದಕ್ಷಿಣ ತೀರದ ಬೋರ್ನ್‌ಮತ್ ಊರಿನಲ್ಲಿ, ಕ್ಷಯದಂಥ ಎದೆಯ ಬೇನೆಯಿಂದ ನರಳುತ್ತ ಮನೆ ಬಿಟ್ಟು ಹೊರಬರಲಾರದೆ ಇದ್ದ ದಿನಗಳಲ್ಲಿ. ತಾವು ಮತ್ತೆ ಕಾಣುತ್ತೇವೋ ಇಲ್ಲವೋ ಎಂಬ ನಾಡನ್ನು ಅವರು ಹಾಸಿಗೆಯ ಬಳಿಯಿಂದ ನೆನೆದು ಕಟ್ಟಿದರು. ಕಾದಂಬರಿ ಬಾಲಕರ ವಾರಪತ್ರಿಕೆಯೊಂದರಲ್ಲಿ 1886ರ ಮೇಯಿಂದ ಜುಲೈವರೆಗೆ ಧಾರಾವಾಹಿಯಾಗಿ ಬಂದು ಅದೇ ಜುಲೈನಲ್ಲಿ ಪುಸ್ತಕವಾಯಿತು. ತೇಜಸ್ವಿಯವರ ಓದುಗರು ಮೂಡಿಗೆರೆಯ ತೋಟದ ದಾರಿಯನ್ನು ಕೇಳಿಕೊಂಡು ಹೋಗುವುದನ್ನು, ಗೊರೂರರ ಓದುಗರು ಹೇಮಾವತಿಯ ದಡದಲ್ಲಿ ಇಳಿದು ನೋಡುವುದನ್ನು ಬಲ್ಲ ನಮಗೆ ಇಂಥ ಕೋಣೆಯ ಆಕರ್ಷಣೆ ಅರ್ಥವಾಗುತ್ತದೆ. ಆದರೂ ನೆನಪಿನಿಂದ ಬರೆದದ್ದೆಂಬ ಸತ್ಯ, ಕಿಟಕಿಯಿಂದ ನೋಡುತ್ತ ಬರೆದರೆಂಬ ಪ್ರಚಾರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಸ್ಟೀವನ್ಸನ್ ನೆನಪಿನಲ್ಲಿ ಹಿಡಿದಿಟ್ಟ ಆ ದಡ ಅವರು ಬರೆಯುತ್ತಿದ್ದ ಹೊತ್ತಿಗೇ ಬದಲಾಗುತ್ತಿತ್ತು. ಫೋರ್ತಿಗೆ ರೈಲು ಸೇತುವೆ ಕಟ್ಟುವ ಯತ್ನ ಮೊದಲೇ ನಡೆದಿತ್ತು. ಅದರ ವಿನ್ಯಾಸಕಾರ ತಾಮಸ್ ಬೌಚ್ ಕಟ್ಟಿದ್ದ ಟೇ ಸೇತುವೆ 1879ರ ಡಿಸೆಂಬರ್ 28ರ ಬಿರುಗಾಳಿಗೆ ರೈಲಿನ ಸಮೇತ ಕುಸಿದುಬಿದ್ದ ಮೇಲೆ ಅವನ ಯೋಜನೆಯನ್ನು ಕೈಬಿಡಲಾಯಿತು. ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್ ಅವರ ಹೊಸ ವಿನ್ಯಾಸಕ್ಕೆ ಪಾರ್ಲಿಮೆಂಟಿನ ಒಪ್ಪಿಗೆ ಸಿಕ್ಕಿದ್ದು 1882ರಲ್ಲಿ, ಸ್ಟೀವನ್ಸನ್ನರ ಪ್ರಬಂಧ ಪ್ರಕಟವಾದ ವರ್ಷವೇ. ‘ಕಿಡ್‌ನ್ಯಾಪ್ಡ್’ ಅಂಗಡಿಗೆ ಬಂದಾಗ ಹಾಸ್ ಇನ್ನಿನ ಪಕ್ಕದಲ್ಲಿಯೇ ಉಕ್ಕಿನ ಗೋಪುರಗಳು ಏಳುತ್ತಿದ್ದವು. ಡೇವಿಡ್ ಕಂಡ ಇಂಚ್‌ಗಾರ್ವಿ ದ್ವೀಪ ನಡುವಿನ ಗೋಪುರಕ್ಕೆ ಬುನಾದಿಯಾಯಿತು. 521 ಮೀಟರ್ ಉದ್ದದ ಎರಡು ಮುಖ್ಯ ಅಂಕಣಗಳ, 53,000 ಟನ್‌ಗಳಷ್ಟು ಉಕ್ಕಿನ ಆ ಸೇತುವೆ 1890ರ ಮಾರ್ಚ್ 4ರಂದು ತೆರೆಯಿತು. ಸೇತುವೆ ಕಟ್ಟುತ್ತಿದ್ದ ದಿನಗಳಲ್ಲಿ ಹಾಸ್ ಇನ್ನಿನ ತೋಟದ ಪಕ್ಕದಲ್ಲಿಯೇ ಗಾಯಾಳುಗಳ ವಾರ್ಡು ಇತ್ತು. ಹಾಸ್ ಇನ್ನಿನ ವಿಸ್ಕಿ ಇಲ್ಲದಿದ್ದರೆ ಅಲ್ಲಿಗೆ ಹೊತ್ತು ತಂದ ಹಲವು ಕಾರ್ಮಿಕರು ಉಳಿಯುತ್ತಿದ್ದರೆಂದು ಬೇಕರ್ ದೂರಿದ್ದುಂಟು. ಈ ದೂರನ್ನು ಪೂರ್ತಿ ಒಪ್ಪಲು ಮನಸ್ಸು ಬರುವುದಿಲ್ಲ. ಕಡಲ ಗಾಳಿಯಲ್ಲಿ, ನೀರಿನಿಂದ ನೂರು ಮೀಟರ್ ಎತ್ತರದವರೆಗೆ, ಇಂದಿನ ಸುರಕ್ಷತಾ ಪಟ್ಟಿಗಳಿಲ್ಲದೆ ದುಡಿದವರ ಸಾವಿಗೆ ಕುಡಿತವೊಂದನ್ನೇ ಕಾರಣವಾಗಿಸುವುದು ಅನ್ಯಾಯ. ಆ ಸೇತುವೆಯ ಕೆಲಸದಲ್ಲಿ ಸತ್ತವರ ಸಂಖ್ಯೆ 73 ಎಂದು ಮುಂದೆ ಸ್ಥಳೀಯ ಇತಿಹಾಸಾಸಕ್ತರು ದಾಖಲೆಗಳಿಂದ ಹುಡುಕಿ ತೆಗೆದಿದ್ದಾರೆ. ಅವರ ಸ್ಮಾರಕಗಳು ಈಗ ಎರಡೂ ದಡಗಳಲ್ಲಿವೆ.

ರೈಲು ಬಂದರೂ ದೋಣಿ ನಿಲ್ಲಲಿಲ್ಲ, ಏಕೆಂದರೆ ರಸ್ತೆಯ ವಾಹನಗಳಿಗೆ ಅದೇ ಗತಿಯಾಗಿತ್ತು. 1964ರ ಸೆಪ್ಟೆಂಬರ್ 4ರಂದು ರಸ್ತೆಯ ಸೇತುವೆ ತೆರೆದಾಗ ಎಂಟುನೂರಕ್ಕೂ ಹೆಚ್ಚು ವರ್ಷ ನಡೆದ ಕಡವು ಕೊನೆಗೊಂಡಿತು. 2015ರಲ್ಲಿ ಹಳೆಯ ರೈಲು ಸೇತುವೆ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು, 2017ರಲ್ಲಿ ಮೂರನೆಯ ಸೇತುವೆಯೂ ಬಂತು. ಈಗ ಯಾರೂ ಉಬ್ಬರಕ್ಕಾಗಿ ಕಾಯಬೇಕಾಗಿಲ್ಲ. ಹಾಸ್ ದಕ್ಕೆಯಿಂದ ಹೊರಡುವುದು ಅಳಿವೆಯ ದ್ವೀಪಗಳನ್ನು ನೋಡಲು ಬರುವ ಪ್ರವಾಸಿಗರ ದೋಣಿಗಳು. ಕಡವನ್ನು ನಂಬಿ ಬದುಕಿದ್ದ ತಂಗುಮನೆಯೊಂದು ಕಡವು ನಿಂತ ಮೇಲೂ ಹೆಸರು ಉಳಿಸಿಕೊಂಡಿರುವುದಕ್ಕೆ ತಲೆಯ ಮೇಲಿನ ಸೇತುವೆಯಷ್ಟೇ ಆ ಎರಡು ಕಾದಂಬರಿಗಳೂ ಕಾರಣ.

ಓದಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟೇ. ‘ಕಿಡ್‌ನ್ಯಾಪ್ಡ್’ನ ಪೂರ್ಣ ಆವೃತ್ತಿಯನ್ನೇ ಹಿಡಿಯಿರಿ, ಜೊತೆಗೆ ಫೋರ್ತ್ ಅಳಿವೆಯ ನಕ್ಷೆಯೊಂದಿರಲಿ. 6ನೆಯ ಅಧ್ಯಾಯವನ್ನು ಓದುವಾಗ ಕ್ವೀನ್ಸ್‌ಫೆರಿಯನ್ನೂ ಇಂಚ್‌ಗಾರ್ವಿಯನ್ನೂ ಗುರುತಿಸಿಕೊಳ್ಳಿ, 26ನೆಯ ಅಧ್ಯಾಯದಲ್ಲಿ ಸ್ಟರ್ಲಿಂಗ್‌ನಿಂದ ಲೈಮ್‌ಕಿಲ್ನ್ಸ್‌ವರೆಗೆ ಉತ್ತರ ದಡವನ್ನು ಬೆರಳಿನಿಂದ ಹಿಂಬಾಲಿಸಿ. ಸ್ಕಾಟರ ಕಾದಂಬರಿ ದೊಡ್ಡದು, ಅದರ ಭಾಷೆಯೂ ಕಷ್ಟ. ಮೊದಲ ಎರಡು ಅಧ್ಯಾಯಗಳನ್ನು ಓದಿದರೂ ಹಾಸ್ ಇನ್ನಿನ ಊಟದ ಮೇಜು ಸಿಗುತ್ತದೆ. ನಮ್ಮ ಬಳಗ ಮುಂದಿನ ತಿಂಗಳು ಅವನ್ನೇ ಕೈಗೆತ್ತಿಕೊಳ್ಳುತ್ತಿದೆ.